ಎಳೆದಷ್ಟೂ ಬಿಗಿಯುವ ಚಿಲಕ

ದತ್ತು ಕಚೇರಿಯವರು ಮೊದಲ ದಿನವೇ ಹೇಳಿದ್ದರು: "ಕಾಯೋದು ಕಷ್ಟ. ಏನಾದ್ರೂ ಹವ್ಯಾಸ ಇಟ್ಕೊಳ್ಳಿ." ಮೂರು ವರ್ಷದಿಂದ ಗಂಡ ಹೆಂಡತಿ ಇಬ್ಬರೂ ಆ ಮಾತನ್ನು ಡಾಕ್ಟರ ಚೀಟಿಯಂತೆ ಪಾಲಿಸುತ್ತ ಬಂದಿದ್ದರು.

ಅವಳು ಸ್ವೆಟರ್ ಹೆಣೆಯಲು ಕಲಿತಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷಿಸುವುದು ಅವಳ ಕೆಲಸ; ಸಂಜೆ ಮನೆಗೆ ಬಂದು ಕಡ್ಡಿ ಹಿಡಿದು ಕೂರುತ್ತಿದ್ದಳು. ಕಷ್ಟ ಹೆಣಿಗೆಯಲ್ಲಿರಲಿಲ್ಲ, ಅಳತೆಯಲ್ಲಿತ್ತು. ಅರ್ಜಿಯಲ್ಲಿ ‘ಆರು ವರ್ಷದೊಳಗಿನ ಮಗು’ ಎಂದಿತ್ತು. ಆರು ತಿಂಗಳಿಗೂ ಆರು ವರ್ಷಕ್ಕೂ ಒಪ್ಪುವ ಸ್ವೆಟರನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಎರಡು ವರ್ಷಕ್ಕೆಂದು ಶುರು ಮಾಡುತ್ತಿದ್ದಳು, ಎರಡನೇ ತೋಳಿನ ಹತ್ತಿರ ಬಂದಾಗ ಬಿಚ್ಚಿಬಿಡುತ್ತಿದ್ದಳು. ಅದೇ ನೂಲು ಈಗ ನಾಲ್ಕನೇ ಸಲ ಸ್ವೆಟರಾಗುತ್ತಿತ್ತು.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಅವನು ಮೊದಲು ಕೊಳಲು ಹಿಡಿದ. ಕೆಳಗಿನ ಮನೆಯವರು ಬಂದು ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿದರು. ಆಮೇಲೆ ಕುಂಡದಲ್ಲಿ ಗಿಡ ಬೆಳೆಸಿದ. ಅವು ಹೇಳದೆ ಕೇಳದೆ ಒಣಗಿದವು. ಕೊನೆಗೆ ಚಿಲಕ ಮಾಡಲು ಕೂತ. ಮಗು ಬಂದರೆ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುತ್ತದೆ. ಎಳೆದರೆ ತೆರೆಯುವ ಚಿಲಕ ಚಿಲಕವೇ ಅಲ್ಲ ಎಂಬುದು ಹತ್ತೊಂಬತ್ತು ವರ್ಷ ಲಿಫ್ಟಿನ ಬಾಗಿಲು ನೋಡಿದವನ ಅಭಿಪ್ರಾಯ. ಅವನ ಚಿಲಕ ಎಳೆದಷ್ಟೂ ಬಿಗಿಯುತ್ತಿತ್ತು. ಎರಡೂ ಪಕ್ಕ ಮೆತ್ತಗೆ ಒತ್ತಿ ಮೇಲಕ್ಕೆತ್ತಿದರೆ ಮಾತ್ರ ಬಿಡುತ್ತಿತ್ತು. ಎಲ್ಲ ಕಪಾಟುಗಳಿಗೂ ಹಾಕಿದ. ಆ ವಾರ ಅವರು ಮೂರು ದಿನ ಉಪ್ಪಿಲ್ಲದೆ ಊಟ ಮಾಡಿದರು.

ಮಗುವಿಗೆಂದು ಎತ್ತಿಟ್ಟ ಕೋಣೆಯ ಬಾಗಿಲಿಗೂ ಒಳಗಡೆಯಿಂದ ಒಂದು ಹಾಕಿದ. ಮಗು ಮೆಟ್ಟಿಲಿನತ್ತ ಓಡಬಾರದಲ್ಲ.

ಮನೆ ನೋಡಲು ಕಚೇರಿಯಿಂದ ಬಂದ ಹೆಂಗಸಿಗೆ ಅವರಿಬ್ಬರೂ ಗುಟ್ಟಾಗಿ ಫೈಲಮ್ಮ ಎನ್ನುತ್ತಿದ್ದರು. ಕಂಕುಳಲ್ಲಿ ಫೈಲಿಲ್ಲದೆ ಆಕೆಯನ್ನು ಕಂಡವರಿಲ್ಲ. ಬಾಯಿಂದ ಒಂದು ಮಾತು ಸೋರಿದ್ದನ್ನು ಕೇಳಿದವರೂ ಇಲ್ಲ. ಆಕೆ ‘ಯೋಗ್ಯವಲ್ಲ’ ಎಂದು ಬರೆದರೆ ಇವರ ಹೆಸರು ಪಟ್ಟಿಯಿಂದಲೇ ಹೋಗುತ್ತಿತ್ತು.

ಫೈಲಮ್ಮ ಮಗುವಿನ ಕೋಣೆಯೊಳಗೆ ಕಾಲಿಟ್ಟಳು. ಕಿಟಕಿಯಿಂದ ಗಾಳಿ ಬೀಸಿತು. ಬಾಗಿಲು ದಢಾರನೆ ಮುಚ್ಚಿತು, ಚಿಲಕ ತಾನಾಗಿಯೇ ಬಿತ್ತು.

"ಬಾಗಿಲು ಬರ್ತಿಲ್ಲ," ಎಂದಿತು ಒಳಗಿನ ದನಿ.

"ಎಳೀಬೇಡಿ ಮೇಡಂ!" ಎಂದ ಗಂಡ.

ಎಳೆದ ಸದ್ದು ಕೇಳಿಸಿತು.

"ರೀ, ಈ ಕಡೆಯಿಂದ ತೆಗೀರಿ."

"ಆಗಲ್ಲ ಕಣೇ. ಸ್ಕ್ರೂ ಎಲ್ಲಾ ಒಳಗಿವೆ. ಅದೇ ಅದರ ವಿಶೇಷ."

"ನಂಗೆ... ಮುಚ್ಚಿದ ಕೋಣೆ ಆಗಲ್ಲ," ಎಂದಳು ಫೈಲಮ್ಮ. ಉಸಿರು ಬಾಗಿಲಿನಾಚೆಗೂ ಕೇಳುತ್ತಿತ್ತು.

ಲಿಫ್ಟಿನಲ್ಲಿ ಸಿಕ್ಕಿಬಿದ್ದವರಿಗೆಲ್ಲ ಹೇಳುವ ಮಾತನ್ನೇ ಗಂಡ ಹೇಳಿದ: "ಗಾಬರಿಯಾಗ್ಬೇಡಿ ಮೇಡಂ. ಇದುವರೆಗೆ ಯಾರೂ ಸತ್ತಿಲ್ಲ."

ಉಸಿರು ಇನ್ನೂ ಜೋರಾಯಿತು.

"ನೀವು ಹೋಗಿ ಟೀಗಿಡಿ," ಎಂದು ಅವನನ್ನು ಅಡುಗೆಮನೆಗೆ ಅಟ್ಟಿ, ಹೆಂಡತಿ ಬಾಗಿಲ ಪಕ್ಕ ಕೂತಳು. ಫೋನ್ ಎರಡು ಸಲ ರಿಂಗಾದರೆ ಎದೆ ಹೊಡೆದುಕೊಳ್ಳುವ ಹೆಂಗಸು ಅವಳು. ಆದರೆ ಈಗ ಬಾಯಿಂದ ಬಂದದ್ದು ಅಂಗಡಿಯ ದನಿ.

"ಮೇಡಂ, ಬಾಗಿಲು ಬಿಡಿ. ಆ ಕಡೆ ತಿರುಗಿ. ಎದುರಿಗೆ ಏನು ಕಾಣತ್ತೆ?"

"ಕಿಟಕಿ."

"ಸ್ಪಷ್ಟವಾಗಿದೆಯಾ?"

"ಇದೆ."

"ಅದರ ಕೆಳಗೆ?"

"ಮಂಚ. ಮೇಲೊಂದು ಸ್ವೆಟರ್." ಒಂದು ಕ್ಷಣ ಬಿಟ್ಟು, "ಒಂದೇ ತೋಳಿದೆ."

"ಹೌದು. ಗುಂಡಿ ಎಣಿಸಿ."

"ಮೂರು." ಉಸಿರು ತಗ್ಗಿತು. "ಇನ್ನೊಂದು ತೋಳು ಯಾಕಿಲ್ಲ?"

ಗಂಡನಿಗೂ ಹೇಳದಿದ್ದ ಮಾತನ್ನು ಅವಳು ಬಾಗಿಲಿಗೆ ಹೇಳಿದಳು. "ಮುಗಿದ್ಮೇಲೆ ಹಾಕ್ಕೊಳ್ಳೋಕೆ ಯಾರೂ ಬರದೇ ಇದ್ರೆ ಅಂತ ಭಯ. ಬಿಚ್ಚಿಬಿಡ್ತೀನಿ."

ಒಳಗಿನ ಹೆಜ್ಜೆ ಸದ್ದು ಬಾಗಿಲ ಹತ್ತಿರ ಬಂತು.

"ಈಗ ಚಿಲಕದ ಎರಡೂ ಪಕ್ಕ ಮೆತ್ತಗೆ ಒತ್ತಿ. ಎಳೀಬೇಡಿ. ಮೇಲಕ್ಕೆತ್ತಿ."

ಬಾಗಿಲು ತೆರೆಯಿತು. ಫೈಲಮ್ಮನ ಕಂಕುಳಲ್ಲಿ ಸ್ವೆಟರ್ ಇತ್ತು. ಫೈಲು ಮಂಚದ ಮೇಲೆ ಉಳಿದಿತ್ತು.

ಗಂಡ ಟೀ ತಂದ. ಸಕ್ಕರೆಯ ಕಪಾಟು ಬಿಗಿದುಕೊಂಡಿತ್ತಾದ್ದರಿಂದ ಟೀಗೆ ಸಕ್ಕರೆ ಇರಲಿಲ್ಲ. ಫೈಲಮ್ಮ ಅದನ್ನು ಪೂರ್ತಿ ಕುಡಿದು, ಫೈಲು ತರಿಸಿಕೊಂಡು, ಕೈ ಅಡ್ಡ ಹಿಡಿದು ಏನೋ ಬರೆದಳು. ಅಂಗಡಿಯ ಅಭ್ಯಾಸದಿಂದ ಎದುರಿನವರ ಹಾಳೆಯನ್ನು ತಲೆಕೆಳಗಾಗಿ ಓದಬಲ್ಲ ಹೆಂಡತಿಗೂ ಒಂದಕ್ಷರ ಕಾಣಲಿಲ್ಲ.

"ಚಿಲಕ ಎಲ್ಲಾ ತೆಗೀಬೇಕು," ಎಂದಳು ಫೈಲಮ್ಮ, ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ.

"ಎಲ್ಲಾನಾ?" ಎಂದ ಗಂಡ.

"ಎಲ್ಲಾ."

"ಮೇಡಂ, ಬರೆದದ್ದು ಏನು..." ಎಂದು ಹೆಂಡತಿ ಶುರು ಮಾಡಿದಳು.

"ಅದನ್ನೆಲ್ಲ ಹೇಳೋ ಹಾಗಿಲ್ಲ." ಫೈಲಮ್ಮ ಸ್ವೆಟರನ್ನು ಅವಳ ಕೈಗಿಟ್ಟಳು. ಎರಡು ಮೆಟ್ಟಿಲು ಇಳಿದು ನಿಂತಳು. "ಇದನ್ನ ಬಿಚ್ಚಿ, ನಾಲ್ಕು ವರ್ಷದ ಹುಡುಗಿ ಅಳತೆಗೆ ಹೆಣೀರಿ. ಸ್ವಲ್ಪ ಗುಂಡಗಿದಾಳೆ. ಎರಡು ತೋಳೂ ಇರಲಿ. ಒಂದು ತಿಂಗಳಲ್ಲಿ ಆಗತ್ತಾ?"

"ಆಗತ್ತೆ," ಎಂದಳು ಅವಳು. ಅಲ್ಲೇ ಮೆಟ್ಟಿಲ ಮೇಲೆ ಕೂತು, ನೂಲಿನ ತುದಿ ಹುಡುಕಿ ಬಿಚ್ಚತೊಡಗಿದಳು.

ಗಂಡ ಸ್ಕ್ರೂಡ್ರೈವರ್ ತರಲು ಒಳಗೆ ಓಡಿದ. ಅದು ಕಪಾಟಿನಲ್ಲಿತ್ತು. ಅವನು ಎಳೆಯುವುದು ಮೆಟ್ಟಿಲವರೆಗೂ ಕೇಳಿಸಿತು.

"ಎಳೀಬೇಡೀ!" ಎಂದು ಅವಳು ಕೂತಲ್ಲಿಂದಲೇ ಕೂಗಿದಳು.