ಮೂರು ಅರಮನೆಗಳ ಪರದೆ

ಎಂಟು ಗಂಟೆಯೊಳಗೆ ಕಸದ ಚೀಲ ಕೆಳಗಿಟ್ಟು ಬಂದ ಇಂದು, ಕೈ ತೊಳೆದು ಒರೆಸಿಕೊಂಡು, ಮೊರಿತಾ ಸೆನ್ಸೇ ಅವರ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತತೊಡಗಿದಳು. ಹೋದ ವಾರ ಎದೆನೋವಿನಿಂದ ತೀರಿಹೋದ ಗಂಡ ಉಮಾಶಂಕರ, ತನಗೆ ಇತಿಹಾಸ ಕಲಿಸುತ್ತಿದ್ದ ಈ ಗುರುಗಳಿಂದ ಎರವಲು ತಂದದ್ದು. ಐನೂರು ವರ್ಷಗಳ ಹಿಂದಿನ ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸಿಸನ ಆಸ್ಥಾನದ ಬಗ್ಗೆ ಮೊರಿತಾ ಅವರೇ ಬರೆದ ಪುಸ್ತಕ. ಪುಟಗಳ ನಡುವಿನಿಂದ ಉಮಾಶಂಕರ ಬರೆದಿಟ್ಟ ಚೀಟಿಗಳು ಇಣುಕುತ್ತಿದ್ದವು.

“ಆ ಚೀಟಿಗಳನ್ನ ತೆಗೆದು ಪುಸ್ತಕ ಕೊಡು ಇಂದು,” ಎಂದರು ಭಾವ ನಾರಾಯಣ. ತಮ್ಮನ ಸಂಸ್ಕಾರಕ್ಕೆಂದು ಮೈಸೂರಿನಿಂದ ಹಿರೋಷಿಮಾಕ್ಕೆ ಬಂದವರು. “ಗುರುಗಳ ತಪ್ಪು ಈಗ ತೋರ್ಸಿ ಏನಾಗ್ಬೇಕು? ಅವನೇ ಹೇಳ್ಲಿಲ್ವಲ್ಲ.”

“ಹೇಳ್ಬೇಕು ಅಂತಿದ್ರು ಭಾವ. ಇನ್ನೊಂದ್ಸಲ ನೋಡ್ಬಿಟ್ಟು ಹೇಳ್ತೀನಿ ಅಂತಿದ್ರು.”

\*

ನಿನ್ನೆ ಚಿತಾಗಾರದಲ್ಲಿ, ಇಲ್ಲಿನ ಪದ್ಧತಿಯಂತೆ, ಇಬ್ಬಿಬ್ಬರು ಸೇರಿ ಉದ್ದನೆಯ ಕಡ್ಡಿಗಳಿಂದ ಒಂದೊಂದೇ ಮೂಳೆ ಎತ್ತಿ ಕುಡಿಕೆಗೆ ಹಾಕಿದ್ದರು. ನಾರಾಯಣರ ಕಡ್ಡಿಗಳಿಂದ ಮೂಳೆ ಜಾರತೊಡಗಿದಾಗ, ಎದುರಿಗಿದ್ದ ಮೊರಿತಾ ತಮ್ಮ ಕಡ್ಡಿಗಳನ್ನು ಒತ್ತಿ ಹಿಡಿದಿದ್ದರು.

“ಅರಮನೆ ಎದುರಿಗೇ ಬೆಳೆದೋನು,” ಹೊರಗೆ ಬಂದ ಮೇಲೆ ನಾರಾಯಣ ಗೊಣಗಿದರು. “ನಮ್ಮೂರಲ್ಲಿ ರಾಜರಿಗೇನು ಬರ? ಒಳ್ಳೇ ಸಾಫ್ಟ್‌ವೇರ್ ಕೆಲಸ ಬಿಟ್ಟು, ಫ್ರಾನ್ಸ್ ರಾಜನ ಪರದೆ ಎಣಿಸ್ಕೊಂಡು ಜಪಾನಲ್ಲಿ ಕೂತ!”

ಮೊರಿತಾ ಇಬ್ಬರ ಮುಂದೆ ಬಂದು ಬಾಗಿ, ಜಪಾನಿಯಲ್ಲಿ ಹೇಳಿದರು. “ಉಮಾ ಸಾನ್ ಬಹಳ ನಿಧಾನವಾಗಿ ಓದುತ್ತಿದ್ದರು. ನನ್ನ ಶಿಷ್ಯರಲ್ಲೇ ಎಲ್ಲರಿಗಿಂತ ನಿಧಾನ.”

ಇಂದು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಳು. ನಾರಾಯಣರ ಮುಖ ಕೆಂಪಾಯಿತು. “ಸತ್ತೋನ್ ಬಗ್ಗೆ ಹೀಗಾ ಹೇಳೋದು?”

\*

ಜಪಾನಿನ ದೊಡ್ಡ ಭೂಕಂಪದ ಮರುವರ್ಷ ಇಂದು ಮದುವೆಯಾಗಿ ಬಂದ ಮೇಲೆ ನಿಶಿ ಕಸಾಯಿ, ಹಮಾಮತ್ಸು, ಹಿರೋಷಿಮಾ ಎಂದು ಮೂರು ಕಡೆ ಮೂರು ಮನೆಗಳಾಗಿದ್ದವು. ಪ್ರತಿ ಸಲ ಮನೆ ಬದಲಿಸುವಾಗಲೂ ಅವಳು ಸಾಮಾನಿನ ಪಟ್ಟಿ ಬರೆದಿಟ್ಟಿದ್ದಳು. ಒಂದು ಭಾನುವಾರ ಉಮಾಶಂಕರ ಮೂರು ಪಟ್ಟಿಗಳನ್ನೂ ಹಿಡಿದುಕೊಂಡು ನಗತೊಡಗಿದ.

“ಐನೂರು ವರ್ಷ ಆದ್ಮೇಲೆ ಇದನ್ನ ನೋಡಿದೋರು ನಮ್ಮತ್ರ ಮೂರು ಕುಕ್ಕರ್ ಇತ್ತು ಅಂದ್ಕೋತಾರೆ! ‘ಹಿಡಿ ಸುಟ್ಟ ಕುಕ್ಕರ್’ ಅಂತ ಮೂರರಲ್ಲೂ ಬರ್ದಿದ್ದೀಯ.”

“ಹೊಸದು ಕೊಡ್ಸಿದ್ರೆ ತಾನೇ ಬೇರೆ ಬರೆಯೋದು?”

ಅವನ ನಗು ನಿಂತಿತು. ಎದ್ದು ಹೋಗಿ ಗುರುಗಳ ಪುಸ್ತಕ ತೆರೆದ. ಫ್ರಾನ್ಸಿಸನ ಆಸ್ಥಾನ ಒಂದೆಡೆ ನಿಲ್ಲುತ್ತಿರಲಿಲ್ಲ. ಮಂಚ, ಪರದೆಗಳ ಸಮೇತ ಅರಮನೆಯಿಂದ ಅರಮನೆಗೆ ಹೊರಡುತ್ತಿತ್ತು. ಮೂರು ಅರಮನೆಗಳ ಪಟ್ಟಿಯಲ್ಲಿದ್ದ ಕೆಂಪು ಪರದೆಯನ್ನು ಗುರುಗಳು ಮೂರು ಪರದೆಗಳೆಂದು ಎಣಿಸಿದ್ದರು. ಆದರೆ ಮೂರಕ್ಕೂ ಎಡಮೂಲೆಯ ಸುಟ್ಟ ತೂತಿಗೆ ಹಾಕಿದ ತೇಪೆಯಿತ್ತು.

\*

ವಿಶ್ವವಿದ್ಯಾಲಯದಲ್ಲಿ ಮೊರಿತಾ ಅವರ ಕೋಣೆಯಲ್ಲಿ ಇಂದು ಗಂಟು ಬಿಚ್ಚಿ, ಎರಡೂ ಕೈಗಳಿಂದ ಪುಸ್ತಕ ನೀಡಿದಳು. ಚೀಟಿಗಳು ಹಾಗೆಯೇ ಇದ್ದವು. ನಾರಾಯಣ ಬಾಗಿಲಲ್ಲೇ ನಿಂತರು.

“ಕನ್ನಡವೇ? ಏನು ಬರೆದಿದ್ದಾರೆ?” ಮೊರಿತಾ ಕೇಳಿದರು.

ಇಂದು ಬಾಗಿ ಕ್ಷಮೆ ಕೇಳಿದಳು. “ಸುಮಿಮಾಸೆನ್, ಸೆನ್ಸೇ. ಇನ್ನೂರ ಹನ್ನೆರಡನೇ ಪುಟದಲ್ಲಿ ತಾವು ತಪ್ಪಿದ್ದೀರಿ ಅಂತ.”

ಒಂದೊಂದೇ ಚೀಟಿ ಓದಿ ಜಪಾನಿಯಲ್ಲಿ ಹೇಳಿದಳು. ಮೊರಿತಾ ಕಪಾಟಿನಿಂದ ಮೂರು ಪಟ್ಟಿಗಳ ಪ್ರತಿಗಳನ್ನು ತೆಗೆದು, ಪಕ್ಕಪಕ್ಕ ಹರಡಿ, ತೇಪೆಯಿದ್ದ ಸಾಲುಗಳ ಮೇಲೆ ಬೆರಳಿಟ್ಟರು. 

“ಮೂವತ್ತು ವರ್ಷ ಇದನ್ನೇ ಪಾಠ ಮಾಡಿದೆ,” ಎಂದರು. “ಇಷ್ಟು ನಿಧಾನವಾಗಿ ಯಾರೂ ಓದಲಿಲ್ಲ.”

“ಏನಂತೆ? ಕೋಪ ಬಂತಾ?” ನಾರಾಯಣ ಪಿಸುಗುಟ್ಟಿದರು.

ಮೊರಿತಾ ತಮ್ಮ ವಾಕ್ಯದ ಮೇಲೆ ಸ್ಕೇಲಿಟ್ಟು, ಅದನ್ನು ನೆಟ್ಟಗೆ ಹೊಡೆದುಹಾಕಿದರು. ಅಂಚಿನಲ್ಲಿ ‘ಪರದೆ ಒಂದೇ’ ಎಂದು ಬರೆದು, ಪೆನ್ನನ್ನು ಇಂದುವಿನತ್ತ ಚಾಚಿದರು. “ಅವರ ಹೆಸರು. ಅವರ ಲಿಪಿಯಲ್ಲಿ.”

ಇಂದು ಬರೆದಳು. ನಾರಾಯಣ ಒಳಗೆ ಬಂದು, ಕನ್ನಡಕ ಹಾಕಿಕೊಂಡು ಬಗ್ಗಿದರು. ಶಾಯಿ ಆರುವವರೆಗೂ ಆ ಪುಟವನ್ನು ಯಾರೂ ಮುಚ್ಚಲಿಲ್ಲ.