ಯಾವ ಹೊತ್ತಿಗೆ ನಡೆಯುವ ಟಿಕೆಟ್ಟು

"ಓದೋಕೆ ಬರಲ್ವೇನೋ ನಿಂಗೆ? ಇದು ಆಫ್-ಪೀಕ್ ಟಿಕೆಟ್, ರಶ್ ಇಲ್ಲದ ಹೊತ್ತಿನ ಅಗ್ಗದ ಟಿಕೆಟ್, ಈ ರೈಲಿಗೆ ನಡೆಯಲ್ಲ!" ಸ್ಟೇಷನ್ನಿನ ಗೇಟಿನವನು ಇಡೀ ಸಾಲಿಗೆ ಕೇಳುವಂತೆ ಕಿರುಚಿದ.

ಗಾಲಿಕುರ್ಚಿಯಲ್ಲಿದ್ದ ಅಮ್ಮ ಬೋಳುತಲೆಯ ಮೇಲಿನ ಸ್ಕಾರ್ಫು ಸರಿಮಾಡಿಕೊಂಡಳು. ನಾಳೆ ಅವಳನ್ನು ಆಸ್ಪತ್ರೆಗೆ ಸೇರಿಸಬೇಕಿತ್ತು. ಅದಕ್ಕೆ ಮುಂಚೆ ಒಮ್ಮೆ ವಿಟ್ಬಿ ಊರಿನ ಕಡಲು ನೋಡಬೇಕು ಅಂದಿದ್ದಳು.

"ಯಾವ ಹೊತ್ತಿಗೆ ನಡೆಯುತ್ತೆ ಅಂತ ಟಿಕೆಟ್ ಮೇಲೆ ಎಲ್ಲಿ ಬರೆದಿದೆ, ತೋರಿಸ್ರಿ," ಅಂದೆ. ಎಲ್ಲೂ ಬರೆದಿರಲಿಲ್ಲ. ನಿನ್ನೆ ಕೌಂಟರಿನವಳು ಟಿಕೆಟ್ ಮೆಷಿನ್ ನೋಡು ಅಂದಳು, ಮೆಷಿನ್ನು ಕೌಂಟರಿನಲ್ಲಿ ಕೇಳು ಅಂದಿತು.

"ಅದೆಲ್ಲ ವೆಬ್‌ಸೈಟಲ್ಲಿದೆ ಕಣಯ್ಯಾ. ಮುಂದಿನ ರೈಲಿಗೆ ಹೋಗು."

ಮುಂದಿನ ರೈಲಿಗೆ ಹೋದರೆ ನಡುದಾರಿಯಲ್ಲಿ ಇಳಿದು ಹತ್ತಬೇಕಿದ್ದ ವಿಟ್ಬಿಯ ಗಾಡಿ ತಪ್ಪುತ್ತಿತ್ತು. ಅಲ್ಲಿಗೆ ದಿನಕ್ಕೆ ಓಡುವುದೇ ಬೆರಳೆಣಿಕೆಯ ಗಾಡಿ. ಬೇರೆ ಟಿಕೆಟ್ಟಿಗೆ ದುಡ್ಡಿರಲಿಲ್ಲ.

"ಬಿಡೋ ಕಾಲಮ್, ಕಡಲೇನು ಓಡಿಹೋಗಲ್ಲ," ಅಂತ ಅಮ್ಮ ನನಗೆ ಹೇಳಿ ನಗಲು ನೋಡಿದಳು. ನಾನು ಕುರ್ಚಿ ತಿರುಗಿಸಿದೆ.

"ಇನ್ನೊಂದು ದಿನ ಕರ್ಕೊಂಡು ಬಾರಯ್ಯಾ!" ಅಂತ ಗೇಟಿನವನು ಹಿಂದಿನಿಂದ ಕೂಗಿದ.

ನಾನು ಕುರ್ಚಿ ತಳ್ಳಿಕೊಂಡು ಮನೆ ಕಡೆ ಹೊರಟೆ.