ತೊಂಬತ್ತರ ಎಣ್ಣೆ

ಗೇರಿನಡಿ ಎಣ್ಣೆ ನಿಲ್ಲುವ ಚೇಂಬರಿನ ಒಂದು ಮೂಲೆಯ ಎರಡು ಬೋಲ್ಟು ಉಳಿಸಿ ಮಿಕ್ಕವನ್ನೆಲ್ಲ ಬಿಚ್ಚಿದ ಉಚ್ಚಂಗೆಪ್ಪ, ಕಾರಿನಡಿಯಿಂದಲೇ ಕೈ ಚಾಚಿ ಬೋಗುಣಿ ಕೇಳಿದ. ಮಗಳು ರೇಖಾ ಊರುಗೋಲಿನ ತುದಿಯಿಂದ ಅದನ್ನು ಒಳಗೆ ತಳ್ಳಿದಳು. ಹಳೆಯ ಪ್ಯಾಕಿಂಗು ಅಂಟಿಕೊಂಡು ಚೇಂಬರು ಬರಲೊಲ್ಲೆ ಅನ್ನುತ್ತಿತ್ತು. ಅವನು ಅಂಚಿಗೆ ರಬ್ಬರಿನ ಸುತ್ತಿಗೆಯಿಂದ ಎರಡು ಏಟು ಕೊಟ್ಟ. ಚೇಂಬರು ಒಂದು ಕಡೆ ವಾಲಿ ಗೇರಿನ ಎಣ್ಣೆಯೆಲ್ಲ ಬೋಗುಣಿಗೆ ಸುರಿಯಿತು.

“ತೆಳ್ಳಗ, ಕೆಂಪಗ ಇರಬೇಕಂತ ಬರದಾರ,” ರೇಖಾ ಮೊಬೈಲು ನೋಡುತ್ತ ಹೇಳಿದಳು. “ಇದ್ಯಾಕಪ್ಪಾ ಇಷ್ಟು ಮಂದ ಐತಿ? ಕರ್ರಗ ಬ್ಯಾರೆ ಆಗೇತಿ.”

“ಹಳೇದಾಗೇತಲ್ಲವ್ವಾ, ಅದಕ್ಕ.”

ಅಡಿಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹುಲುಗಮ್ಮ ಮೂಗಿಗೆ ಸೆರಗು ಹಿಡಿದಳು. “ಏನಿದು, ಡಿಪೋದ ವಾಸನಿ ಬರಾಕತ್ತೈತಿ,” ಅಂದಳು. ಮೂವತ್ತೆರಡು ವರ್ಷ ಗಂಡನ ಖಾಕಿ ಬಟ್ಟೆ ಒಗೆದವಳು. ಬಸ್ಸಿನ ಗೇರಿನ ಎಣ್ಣೆಯ ವಾಸನೆ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾರಿನಡಿ ಮಲಗಿದ್ದ ಉಚ್ಚಂಗೆಪ್ಪ ಬೋಗುಣಿಯನ್ನು ಇನ್ನಷ್ಟು ಒಳಗೆ ಎಳೆದುಕೊಂಡ. ಹೆಂಡತಿ ಮೊರ ಎತ್ತಿಕೊಂಡು ಒಳಗೆ ಹೋದಳು.

ಎರಡನೆಯ ವರ್ಷದ ಜ್ವರದಲ್ಲಿ ರೇಖಾಳ ಎಡಗಾಲು ಬತ್ತಿತ್ತು. ಅಲ್ಲಿಂದ ಇಲ್ಲಿಯತನಕ ಅವಳನ್ನು ಹೊತ್ತು ನಿಲ್ಲಿಸುವ ವಸ್ತು ಯಾವುದೇ ಇರಲಿ, ಅದು ಅಪ್ಪನ ಕೈಯಿಂದ ಬರಬೇಕು. ಕಾಲಿಗೆ ಕಟ್ಟುವ ಕ್ಯಾಲಿಪರಿನ ಸ್ಕ್ರೂ, ಊರುಗೋಲಿನ ರಬ್ಬರು, ಬಚ್ಚಲಲ್ಲಿ ಹಿಡಿದು ನಿಲ್ಲುವ ಪೈಪು, ಎಲ್ಲವೂ. ಆಸ್ಪತ್ರೆಯವರು ಹೊಸ ಕ್ಯಾಲಿಪರ್ ಕೊಟ್ಟರೂ ಮನೆಗೆ ತಂದು ಅಪ್ಪನಿಂದ ಒಂದು ಸಲ ತಿರುವಿಸಿಯೇ ಹಾಕಿಕೊಳ್ಳುವಳು. ತೆಲಿಗಿಯ ಹೈಸ್ಕೂಲಿಗೆ ಪಾಠ ಹೇಳಲು ಹನ್ನೊಂದು ವರ್ಷ ಬಸ್ಸಿನಲ್ಲೇ ಹೋಗಿಬಂದು, ಹೋದ ವರ್ಷ ಈ ಕಾರು ಕೊಂಡಿದ್ದಳು. ಇದಕ್ಕೆ ಕ್ಲಚ್ಚಿಲ್ಲ, ಗೇರು ತಾನೇ ಬದಲಾಗುತ್ತದೆ, ಎಡಗಾಲಿಗೆ ಕೆಲಸವೇ ಇಲ್ಲ. ಯಾರ ಕೈಯನ್ನೂ ಹಿಡಿಯದೆ ತನ್ನ ಪಾಡಿಗೆ ತಾನು ಎಲ್ಲಿಗಾದರೂ ಹೋಗುವ ಸುಖವನ್ನು ಅವಳು ಮೂವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಕಂಡಿದ್ದಳು.

ದೀಪಾವಳಿಗೆ ಕಾರು ತೊಳೆಯುವಾಗ ಉಚ್ಚಂಗೆಪ್ಪ ಗೇರಿನ ಎಣ್ಣೆಯ ಕಡ್ಡಿ ಎಳೆದು ನೋಡಿದ್ದ. ತೆಳ್ಳಗೆ, ಕೆಂಪಗೆ, ಕುಂಕುಮದ ನೀರು. ಮಟ್ಟವೂ ಕಡಿಮೆ ಇತ್ತು. ಇಂಥ ಎಣ್ಣೆ ಯಾವ ಗೇರನ್ನು ಕಾಯ್ದೀತು ಎಂದು ಅವನಿಗೆ ನಗು ಬಂತು. ಡಿಪೋದಲ್ಲಿ ಬಸ್ಸುಗಳ ಗೇರಿಗೆ ಅವನು ಸುರಿದದ್ದೆಲ್ಲ ತೊಂಬತ್ತು ನಂಬರಿನ ಎಣ್ಣೆ, ಜೋನಿಬೆಲ್ಲದಷ್ಟು ಮಂದ. ಮನೆಯಲ್ಲಿ ಒಂದು ಡಬ್ಬಿ ಉಳಿದಿತ್ತು. ಮಗಳ ಗಾಡಿ ಗಟ್ಟಿಯಾಗಿರಲಿ ಎಂದು, ಯಾರನ್ನೂ ಕೇಳದೆ, ಪೂರಾ ಒಂದು ಲೀಟರು ಸುರಿದುಬಿಟ್ಟ. ಅದೇ ತಪ್ಪು.

ಹದಿನೈದು ದಿನಕ್ಕೆ ಗೇರು ತಡವಾಗಿ ಹಿಡಿಯತೊಡಗಿತು. ಬರಬರುತ್ತ ಜಾಸ್ತಿಯಾಗಿ, ಹೋದ ತಿಂಗಳು ಬಾಗಳಿ ಕಡೆಯ ಏರಿನಲ್ಲಿ ಕಾರು ನಿಂತೇಬಿಟ್ಟಿತು. ಇಳಿದು ನಡೆಯುವ ಹಾಗಿಲ್ಲ, ಫೋನು ಸಿಗುತ್ತಿಲ್ಲ. ರೇಖಾ ಎರಡು ತಾಸು ಬಿಸಿಲಲ್ಲಿ ಒಬ್ಬಳೇ ಕೂತಿದ್ದಳು. ಕಾರು ಒಯ್ದು ತೋರಿಸಿದ ದಾವಣಗೆರೆಯ ಮೇಸ್ತ್ರಿ ಕಡ್ಡಿಯನ್ನು ಮೂಸಿ ನೋಡಿ, “ಯಾರ್ರೀ ಇದಕ್ಕೆ ಬಸ್ಸಿನ ಎಣ್ಣೆ ಹಾಕಿದ ಪುಣ್ಯಾತ್ಮ?” ಎಂದು ಕೇಳಿದಾಗ ಅವಳು ದೂರ ನೆರಳಲ್ಲಿದ್ದಳು. ಒಂದೇ ಸಲಕ್ಕೆ ಪೂರ್ತಿ ಹೋಗುವುದಿಲ್ಲ, ಅರ್ಧ ಎಣ್ಣೆ ಒಳಗೇ ಉಳಿಯುತ್ತದೆ, ಮೂರು ಸಲ ಬದಲಿಸಬೇಕು ಎಂದ ಮೇಸ್ತ್ರಿ. ಉಚ್ಚಂಗೆಪ್ಪ ಫಿಲ್ಟರು, ಪ್ಯಾಕಿಂಗು, ಒಂದು ಸಲಕ್ಕಾಗುವಷ್ಟು ಕೆಂಪೆಣ್ಣೆ ಕೊಂಡು ಬಂದು ಮಗಳಿಗೆ, “ಫಿಲ್ಟರ್ ಕಟ್ಟೇತಂತ. ಮನ್ಯಾಗ ನಾನ ಮಾಡ್ತೀನಿ,” ಅಂದಿದ್ದ. ಅಂದು ಸಂಜೆ ಅವಳು ಕಾರು ಮಾರಿದ ಹಡಗಲಿಯ ಸಿದ್ದಲಿಂಗನಿಗೆ ಫೋನು ಮಾಡಿ, ಕುಂಟಿ ಅಂತ ಹಾಳು ಗಾಡಿ ಕಟ್ಟಿದೆಯಾ, ಮೋಸಗಾರ ಎಂದು ಬೈದಳು. ಆತ ಮಕ್ಕಳ ಮೇಲೆ ಆಣೆ ಮಾಡಿದ. ಉಚ್ಚಂಗೆಪ್ಪ ಪಕ್ಕದಲ್ಲೇ ಕೂತು ರೊಟ್ಟಿ ಮುರಿಯುತ್ತಿದ್ದ.

“ಆಯಸ್ಕಾಂತ ನೋಡಬೇಕಂತಪ್ಪಾ,” ರೇಖಾ ಓದಿದಳು. “ಸಣ್ಣ ಪುಡಿ ಇದ್ರ ಚಿಂತಿ ಇಲ್ಲ. ಕಬ್ಬಿಣದ ಚೂರು ಇದ್ರ ಗೇರು ಹೋದಂಗ.”

ಅವನು ಚೇಂಬರು ಹಿಡಿದು ಹೊರಗೆ ತೆವಳಿ ಬಂದ. ತಳದ ಆಯಸ್ಕಾಂತದ ಬಿಲ್ಲೆಗಳಿಗೆ ಕಪ್ಪು ರಾಡಿ ಮೆತ್ತಿತ್ತು. ಅದನ್ನು ಹೆಬ್ಬೆರಳಲ್ಲಿ ಒರೆಸಿ ಬೆರಳಿಂದ ಬೆರಳಿಗೆ ಉಜ್ಜಿದ. ನುಣ್ಣಗಿತ್ತು. ಇನ್ನೊಂದನ್ನೂ ಉಜ್ಜಿದ. ಒಂದು ಚೂರೂ ಕೈಗೆ ಹತ್ತಲಿಲ್ಲ.

“ಉಳದೈತಿ,” ಅಂದ. ಕಣ್ಣಲ್ಲಿ ನೀರು ಬಂತು. ಮಗಳು ಅದನ್ನು ಎಣ್ಣೆಯ ಘಾಟಿಗೆ ಎಂದುಕೊಂಡಳು.

ಚೇಂಬರು ತೊಳೆದು, ಬಟ್ಟೆಯ ಎಳೆ ಉಳಿಯದಂತೆ ಗಾಳಿಗೆ ಒಣಗಿಸಿ, ಹೊಸ ಫಿಲ್ಟರು ಕೂರಿಸಿದ. ಡಿಪೋದ ರೂಢಿಯಂತೆ ಪ್ಯಾಕಿಂಗಿಗೆ ಅಂಟು ಹಚ್ಚಲು ಹೋದಾಗ ರೇಖಾ ತಡೆದಳು. ಅಂಟಿಲ್ಲದೆ ಒಣಗಿದ್ದನ್ನೇ ಕೂರಿಸಬೇಕಂತೆ. ಬೋಲ್ಟುಗಳನ್ನು ಎದುರುಬದುರಾಗಿ ಒಂದೊಂದೇ ಸುತ್ತು ಬಿಗಿಯಬೇಕು, ಮಣಿಕಟ್ಟಿನ ಬಲವಷ್ಟೇ ಸಾಕು. ಅವನ ತೋಳು ಮಾತ್ರ ಬಸ್ಸಿನ ಬೋಲ್ಟನ್ನೇ ಬಯಸುತ್ತಿತ್ತು. ಪಾನಾ ಕಿರ್ರೆಂದಾಗಲೆಲ್ಲ ಅವಳು ಮಕ್ಕಳ ಕಾಪಿ ತಿದ್ದುವ ದನಿಯಲ್ಲಿ “ಸಾಕಪ್ಪಾ” ಅನ್ನುತ್ತಿದ್ದಳು. ಅವನು ಕೈ ಸಡಿಲಿಸುತ್ತಿದ್ದ.

ಕೆಂಪೆಣ್ಣೆ ಹಾಕಿ, ಕಾರು ಇಳಿಸಿ, ರೇಖಾ ಇಂಜಿನು ಚಾಲೂ ಮಾಡಿದಳು. ಬ್ರೇಕು ಒತ್ತಿಕೊಂಡೇ ಗೇರಿನ ಹಿಡಿಕೆಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದಳು. ಈ ಸಲ ತಡವಿಲ್ಲದೆ ಹಿಡಿಯಿತು. ಓಣಿಯ ತುದಿಯತನಕ ಓಡಿಸಿ ತಿರುಗಿ ಬಂದಾಗ ಅವಳ ಮುಖ ಅರಳಿತ್ತು.

“ನಾಳಿ ಹಡಗಲಿಗೆ ಒಬ್ಬಾಕಿನ ಹೋಗ್ತೀನಪ್ಪಾ. ಪರೀಕ್ಷಾ ಡ್ಯೂಟಿ, ಎಂಟಕ್ಕ ಅಲ್ಲಿರಬೇಕು. ಇನ್ನ ಹೆದರಿಕಿ ಇಲ್ಲಲ್ಲ?”

ಇಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಮಿಕ್ಕ ಎರಡು ಸಲ ಏನಾದರೂ ನೆಪ ಹೇಳಿ ಬದಲಿಸಬಹುದಿತ್ತು. ಆದರೆ ಹಡಗಲಿಯ ದಾರಿಯಲ್ಲಿ ಎಷ್ಟು ಹೊತ್ತು ಹೊಲವೊಂದೇ ಕಾಣುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅವನು ಬಾಗಿಲು ಹಿಡಿದು ನಿಂತ.

“ಒಯ್ಯಬ್ಯಾಡವ್ವಾ. ಒಳಗ ಇನ್ನೂ ಅರ್ಧ ಐತಿ.”

“ಏನು ಅರ್ಧ?”

“ಬಸ್ಸಿನ ಎಣ್ಣಿ. ದೀಪಾವಳ್ಯಾಗ ನಾನ ಹಾಕಿದ್ದೆ. ಒಂದು ಲೀಟರು. ಗಟ್ಟಿ ಇರಲಿ ಅಂತ.” ಹಿಡಿದ ಬಾಗಿಲು ಬಿಡದೆ, “ಸಿದ್ದಲಿಂಗಂದೇನೂ ತಪ್ಪಿಲ್ಲ,” ಅಂದ.

ರೇಖಾ ಇಂಜಿನು ಆರಿಸಿದಳು.

“ಯಾವಾಗ ಗೊತ್ತಾತು ನಿನಗ?”

“ದಾವಣಗೆರ್ಯಾಗ.”

“ನಾನು ಅವ್ರಿಗೆ ಬೈಯೋ ಮುಂದ ಗೊತ್ತಿತ್ತಾ?”

“ಗೊತ್ತಿತ್ತು.”

ಅವಳು ಸಿದ್ದಲಿಂಗನ ನಂಬರು ಒತ್ತಿ ಫೋನು ಅಪ್ಪನ ಕೈಗೆ ಕೊಟ್ಟಳು. “ನೀನ ಹೇಳು,” ಅಂದಳು.

ಉಚ್ಚಂಗೆಪ್ಪ ಎಲ್ಲವನ್ನೂ ಹೇಳಿದ. ತನ್ನ ಅರ್ಧ ವಯಸ್ಸಿನವನಿಗೆ, ಅಂಗಳದಲ್ಲಿ ನಿಂತು, ಮಗಳ ಎದುರೇ, ತಪ್ಪಾತು ಅಂದ. ಆ ಕಡೆಯಿಂದ ಸಿದ್ದಲಿಂಗ ಒಂದೇ ಮಾತು ಕೇಳಿದ.

“ಅಕ್ಕಾರಿಗೆ ಗೊತ್ತೈತೇನ್ರಿ ಕಾಕಾ?”

“ಗೊತ್ತೈತಪ್ಪ. ಇಲ್ಲೇ ಅದಾಳ.”

“ಅಷ್ಟಾದ್ರ ಸಾಕ್ರಿ,” ಎಂದು ಆತ ಫೋನಿಟ್ಟ. ಆ ರಾತ್ರಿ ಊಟಕ್ಕೆ ಮೂವರೂ ಕೂತರು. ರೇಖಾ ರೊಟ್ಟಿಯನ್ನು ತಾನೇ ಹಾಕಿಕೊಂಡಳು. ಬೈದಿದ್ದರೆ ಉಚ್ಚಂಗೆಪ್ಪನಿಗೆ ಹಗುರವಾಗುತ್ತಿತ್ತು.

ಬೆಳಿಗ್ಗೆ ಹಡಗಲಿಯ ಮೊದಲ ಬಸ್ಸಿಗೆ ಅವನೂ ನಿಲ್ದಾಣಕ್ಕೆ ಹೋದ. ಬೇಡ ಎಂದು ಅವಳು ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ. ಮೆಟ್ಟಿಲು ಎತ್ತರವಿತ್ತು. ಅವನು ತೋಳು ಮುಂದೆ ಮಾಡಿದ. ರೇಖಾ ಅದನ್ನು ನೋಡಿದಳು, ಕಂಬಿ ಹಿಡಿದು ಬಲಗಾಲು ಊರಿ, ಎಡಗಾಲನ್ನು ಕೈಯಿಂದಲೇ ಎತ್ತಿಟ್ಟುಕೊಂಡು ಹತ್ತಿದಳು. ಹಿಂದಿದ್ದವರು ಕಾದರು. ಊರುಗೋಲನ್ನು ಅವನು ಕೆಳಗಿನಿಂದ ಕೊಟ್ಟ.

ಬಸ್ಸು ಹೊರಡುವಾಗ ಅವಳು ಕಿಟಕಿಯಿಂದ ಬಗ್ಗಿದಳು.

“ಎಣ್ಣಿ ತರಿಸಿಡು. ನಾನು ಬರೋತನ ಬಿಚ್ಚಬ್ಯಾಡ,” ಅಂದಳು. “ಓದಾಕ ನಾನಿರಬೇಕು.”

ಮನೆಗೆ ಬಂದವನು ದಾವಣಗೆರೆಗೆ ಫೋನು ಮಾಡಿ ಎಣ್ಣೆಗೆ ಹೇಳಿ, ಜಾಕನ್ನು ಕಾರಿನಡಿ ಸರಿಯಾದ ಜಾಗಕ್ಕೆ ತಳ್ಳಿಟ್ಟ, ಎತ್ತಲಿಲ್ಲ. ಹುಲುಗಮ್ಮ ನಾಷ್ಟಾಕ್ಕೆ ಕರೆದಳು. ಇಲ್ಲೇ ಕೊಡು ಎಂದು ಹೇಳಿ, ಕಾರಿನ ಪಕ್ಕದಲ್ಲಿ ಮಗಳಿಗೆಂದು ಒಂದು ಕುರ್ಚಿ ಹಾಕಿ, ತಾನು ನೆಲದ ಮೇಲೆ ಕೂತ. ಸಂಜೆಯ ಬಸ್ಸಿಗೆ ಇನ್ನೂ ಹತ್ತು ತಾಸು ಇತ್ತು.